‘ಕಂಪನಿ’ ಎಂದರೆ ಗುಬ್ಬಿ ಕಂಪನಿ

ತುಮಕೂರು ಸೀಮೆಯ ಹಳೆಯ ತಲೆಮಾರಿನವರ ಬಾಯಲ್ಲಿ ‘ಕಂಪನಿ’ ಎಂಬ ಮಾತಿಗೆ ಕಾರ್ಖಾನೆ ಎಂದಾಗಲಿ, ಕಚೇರಿ ಎಂದಾಗಲಿ ಅರ್ಥವಿರಲಿಲ್ಲ. ಕಂಪನಿ ಎಂದರೆ ನಾಟಕ. ‘ಕಂಪನಿ ಬಂದಿದೆ’ ಎಂದರೆ ಊರಾಚೆಯ ಬಯಲಿನಲ್ಲಿ ತಗಡಿನ ಥಿಯೇಟರು ಏಳುತ್ತಿದೆ ಎಂದು ತಿಳಿಯಬೇಕು. ‘ಹುಡುಗ ಕಂಪನಿ ಸೇರಿದನಂತೆ’ ಎಂದರೆ ಆ ಮನೆಯ ಹಿರಿಯರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾರೆ ಎಂದು ಊಹಿಸಿಕೊಳ್ಳಬೇಕು. ತುಮಕೂರಿಗೆ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂದದ್ದು 1978ರಲ್ಲಿ. ಅದಕ್ಕೆ ತೊಂಬತ್ತು ವರ್ಷಕ್ಕೂ ಹಿಂದೆಯೇ, 1884ರಲ್ಲಿ, ಪಕ್ಕದ ಗುಬ್ಬಿಯಲ್ಲಿ ಒಂದು ಕಂಪನಿ ಹುಟ್ಟಿತ್ತು. ಹತ್ತಾರು ಕಸುಬಿನ ಜನರನ್ನು ಒಂದೇ ಸೂರಿನಡಿ ಕೂಡಿಸಿ, ಊರೂರು ಸುತ್ತಿ, ದಶಕಗಟ್ಟಲೆ ರಾತ್ರಿ ರಾತ್ರಿ ಪರದೆ ಎತ್ತಿದ ಕಂಪನಿ ಅದು.

ನಾಟಕದ ಇತಿಹಾಸ ಬರೆಯುವವರು ಗುಬ್ಬಿ ಕಂಪನಿಯ ಹಾಡು, ಅಭಿನಯ, ವೈಭವಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಆದರೆ ಅಷ್ಟು ಮಂದಿ ಒಟ್ಟಾಗಿ ಕೆಲಸ ಮಾಡುತ್ತಿದ್ದುದಾದರೂ ಹೇಗೆ ಎಂಬ ಪ್ರಶ್ನೆಯ ಕಡೆಗೆ ಗಮನ ಹರಿದದ್ದು ಕಡಿಮೆ. ಇಂದು ಆ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ.

ಹೊಸ ಮಾತು, ಹಳೆಯ ತೊಡಕು

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ‘ಅಜೈಲ್’ ಎಂಬ ಮಾತು ಎರಡು ದಶಕಗಳಿಂದ ಕೇಳಿಬರುತ್ತಿದೆ. ಚುರುಕಾದದ್ದು, ಬೇಕಾದ ಕಡೆಗೆ ತಟ್ಟನೆ ಹೊರಳಬಲ್ಲದ್ದು ಎಂಬುದು ಅದರ ಸ್ಥೂಲ ಅರ್ಥ. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಒಂದು ಗಿರಿಧಾಮದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಇದಕ್ಕೊಂದು ಪ್ರಣಾಳಿಕೆ ಬರೆದರು. ಅದುವರೆಗಿನ ಪದ್ಧತಿ ಬೇರೆಯೇ ಇತ್ತು. ಮೊದಲು ಇಡೀ ಯೋಜನೆಯನ್ನು ಕಾಗದದ ಮೇಲೆ ಬರೆಯುವುದು, ಆಮೇಲೆ ತಿಂಗಳುಗಟ್ಟಲೆ ಕೆಲಸ ಮಾಡುವುದು, ಎಲ್ಲ ಮುಗಿದ ಮೇಲೆ ಗಿರಾಕಿಯ ಮುಂದಿಡುವುದು. ಆಗ ಆತ ‘ನಾನು ಕೇಳಿದ್ದು ಇದಲ್ಲ’ ಎಂದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಲಸಿದಂತೆ.

ಅಜೈಲ್ ಪದ್ಧತಿ ಇದನ್ನು ಬದಲಿಸಿತು. ಸಣ್ಣ ತಂಡ ಕಟ್ಟಬೇಕು. ಎರಡರಿಂದ ನಾಲ್ಕು ವಾರಗಳ ಗಡುವಿನಲ್ಲಿ ಒಂದಿಷ್ಟು ಕೆಲಸ ಮುಗಿಸಿ ತೋರಿಸಬೇಕು. ನೋಡಿದವರ ಮಾತು ಕೇಳಿ ತಿದ್ದಬೇಕು. ಪ್ರತಿದಿನ ಎಲ್ಲರೂ ಹತ್ತು ಹದಿನೈದು ನಿಮಿಷ ನಿಂತುಕೊಂಡೇ ಮಾತಾಡಿಕೊಳ್ಳಬೇಕು. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೇನೆ, ಎಲ್ಲಿ ತಡೆಯಾಗಿದೆ, ಇಷ್ಟೇ ಅಲ್ಲಿಯ ವಿಷಯ. ಈ ಪದ್ಧತಿಯ ಒಂದು ಬಗೆಗೆ ‘ಸ್ಕ್ರಮ್’ ಎಂದು ಹೆಸರು. ರಗ್ಬಿ ಆಟಗಾರರು ಹೆಗಲಿಗೆ ಹೆಗಲು ಕೊಟ್ಟು ಒತ್ತುವ ಭಂಗಿಗೆ ಇರುವ ಹೆಸರು ಅದು. 1986ರಲ್ಲಿ ತಾಕೆಯೂಚಿ ಮತ್ತು ನೊನಾಕಾ ಎಂಬ ಇಬ್ಬರು ಜಪಾನಿ ವಿದ್ವಾಂಸರು ಹೋಂಡಾ, ಕ್ಯಾನನ್ ಮೊದಲಾದ ಸಂಸ್ಥೆಗಳ ತಂಡಗಳನ್ನು ಅಭ್ಯಾಸ ಮಾಡಿ ಬರೆದ ಲೇಖನದಲ್ಲಿ ಈ ಹೋಲಿಕೆ ಬಳಸಿದ್ದರು.

‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವುದು ಸುಲಭ, ಆದರೆ ಸರಿಯಲ್ಲ. ನಾಟಕದ ಕಂಪನಿಯೇ ಬೇರೆ, ಸಾಫ್ಟ್‌ವೇರ್ ಕಂಪನಿಯೇ ಬೇರೆ. ಎರಡಕ್ಕೂ ಎದುರಾದ ತೊಡಕು ಮಾತ್ರ ಒಂದೇ. ಬೇರೆ ಬೇರೆ ಕಸುಬಿನ, ಬೇರೆ ಬೇರೆ ವಯಸ್ಸಿನ ಜನ ಒಂದೇ ಕೆಲಸವನ್ನು, ತಪ್ಪಿದರೆ ತಕ್ಷಣ ಬಯಲಾಗುವ ಕೆಲಸವನ್ನು, ಪ್ರತಿದಿನ ಕೂಡಿ ಮಾಡುವುದು ಹೇಗೆ? ಗುಬ್ಬಿಯವರು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿದ್ದರು. ಅದರಲ್ಲಿ ಗಟ್ಟಿಯೂ ಇತ್ತು, ಜೊಳ್ಳೂ ಇತ್ತು.

ಗೆಳೆಯರ ಕೂಟದಿಂದ ಕಂಪನಿಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿ ಮತ್ತು ಮರಾಠಿ ನಾಟಕ ಕಂಪನಿಗಳು ಕನ್ನಡ ನಾಡಿನಲ್ಲಿ ಸಂಚರಿಸಿ ಹೊಸ ಬೆರಗನ್ನು ಹುಟ್ಟಿಸಿದ್ದವು. ಅದಕ್ಕೂ ಮೊದಲು ಇಲ್ಲಿ ನಾಟಕ ಇರಲಿಲ್ಲವೆಂದಲ್ಲ. ಕುಣಿಗಲ್, ತುರುವೇಕೆರೆ, ತಿಪಟೂರು ಕಡೆಯ ಹಳ್ಳಿಗಳಲ್ಲಿ ಮೂಡಲಪಾಯ ಯಕ್ಷಗಾನ ಬೇರೂರಿತ್ತು. ಸುಗ್ಗಿ ಮುಗಿದ ಮೇಲೆ ಊರ ರೈತರೇ ಭಾಗವತರ ಮುಂದೆ ಕುಳಿತು ತಿಂಗಳುಗಟ್ಟಲೆ ಕಲಿತು, ಒಂದು ರಾತ್ರಿ ಬೆಳಗಿನವರೆಗೆ ಕುಣಿದು, ಮರುದಿನ ಮತ್ತೆ ಹೊಲಕ್ಕೆ ಹೋಗುತ್ತಿದ್ದರು. ವರ್ಷಕ್ಕೊಂದು ರಾತ್ರಿಯ ಆ ಸಂಭ್ರಮವನ್ನು ದಿನನಿತ್ಯದ ದುಡಿಮೆಯನ್ನಾಗಿ ಮಾಡಿದ್ದು ಕಂಪನಿಗಳು. ಸಂಭ್ರಮ ಕಸುಬಾದ ಕೂಡಲೇ ಸಂಬಳ, ಲೆಕ್ಕ, ಶಿಸ್ತು, ಸಾಗಾಟ ಎಲ್ಲವೂ ಬೇಕಾದವು.

ಅಡಿಕೆ, ತೆಂಗಿನ ವ್ಯಾಪಾರದ ಊರು ಗುಬ್ಬಿ. 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ಅರಸೀಕೆರೆ ಮಾರ್ಗವಾಗಿ ಹರಿಹರದವರೆಗೆ ರೈಲು ಓಡತೊಡಗಿತು. ಅದೇ ದಶಕದಲ್ಲಿ ಚಂದಣ್ಣ ಮತ್ತು ಅವರ ಗೆಳೆಯರು ಊರ ದೈವ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಮಂಡಳಿ ಕಟ್ಟಿದರು. ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಎಂಬ ಉದ್ದನೆಯ ಹೆಸರು ಜನರ ಬಾಯಲ್ಲಿ ‘ಗುಬ್ಬಿ ಕಂಪನಿ’ಯಾಯಿತು. 1891ರಲ್ಲಿ ಹುಟ್ಟಿದ ವೀರಣ್ಣ ಇದೇ ಮಂಡಳಿಗೆ ಬಾಲನಟನಾಗಿ ಸೇರಿದರು; 1917ರಲ್ಲಿ ಅದರ ಮಾಲೀಕರೇ ಆದರು. ಕೆಳಗಿನ ಮೆಟ್ಟಿಲಿನಿಂದ ಮೇಲಿನವರೆಗೆ ಎಲ್ಲ ಕೆಲಸವನ್ನೂ ಮೈಯಲ್ಲಿ ಉಂಡವರು ಯಜಮಾನರಾದದ್ದು ಕಂಪನಿಯ ಚರಿತ್ರೆಯಲ್ಲಿ ಮುಖ್ಯ ತಿರುವು. ಬಣ್ಣ ಕಟ್ಟುವವನ ಕಷ್ಟವೂ ಪರದೆ ಎಳೆಯುವವನ ಕಷ್ಟವೂ ಅವರಿಗೆ ಹೇಳಿಸಿಕೊಂಡು ತಿಳಿಯಬೇಕಾದವಾಗಿರಲಿಲ್ಲ.

ಬರೆಯುವ ಕೈ ಸಿಕ್ಕಿದ್ದೂ ಹತ್ತಿರದಲ್ಲೇ. ತುಮಕೂರಿನ ಪಕ್ಕದ ಬೆಳ್ಳಾವಿಯವರಾದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ‘ಸದಾರಮೆ’, ‘ಕೃಷ್ಣಲೀಲಾ’ ಮೊದಲಾದ ನಾಟಕಗಳನ್ನು ಕಂಪನಿಗೆ ಒದಗಿಸಿದರು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಂಭಾಷಣೆ, ಹಾಡು ಬರೆದವರೂ ಅವರೇ.

ರಾತ್ರಿ ನಾಟಕ, ಬೆಳಿಗ್ಗೆ ತಾಲೀಮು

ಕಂಪನಿ ನಾಟಕದ ದಿನಚರಿಯನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗಿರಾಕಿಯ ಅಭಿಪ್ರಾಯಕ್ಕಾಗಿ ಅವರು ನಾಲ್ಕು ವಾರ ಕಾಯಬೇಕಾಗಿರಲಿಲ್ಲ. ಚಾಪೆಯ ಮೇಲೆ ಕುಳಿತವನೂ ಕುರ್ಚಿಯಲ್ಲಿ ಕುಳಿತವನೂ ಅಲ್ಲೇ, ಆ ಕ್ಷಣದಲ್ಲೇ ತೀರ್ಪು ಕೊಡುತ್ತಿದ್ದರು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’. ಹಿಡಿಸದಿದ್ದರೆ ಕೂಗು, ಸಿಳ್ಳು. ಎಲ್ಲಕ್ಕಿಂತ ನಿಷ್ಠುರವಾದ ತೀರ್ಪು ಗಲ್ಲಾಪೆಟ್ಟಿಗೆಯದು. ಒಂದು ಊರಿನಲ್ಲಿ ಯಾವ ನಾಟಕ ಎಷ್ಟು ದಿನ ಓಡಬೇಕು, ಯಾವಾಗ ಬೇರೆ ನಾಟಕ ಹಾಕಬೇಕು, ಯಾವಾಗ ಕ್ಯಾಂಪು ಕೀಳಬೇಕು ಎಂಬುದನ್ನೆಲ್ಲ ಕಲೆಕ್ಷನ್ನೇ ಹೇಳುತ್ತಿತ್ತು.

ರಾತ್ರಿ ಕಂಡ ತಪ್ಪಿಗೆ ಮರುದಿನದ ತಾಲೀಮಿನಲ್ಲಿ ಮದ್ದು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ತಪ್ಪಿದವರನ್ನು ಕೂರಿಸಿಕೊಂಡು ತಿದ್ದುತ್ತಿದ್ದರು. ಉದ್ದವಾಯಿತೆನಿಸಿದ ದೃಶ್ಯಕ್ಕೆ ಕತ್ತರಿ ಬೀಳುತ್ತಿತ್ತು, ಚಪ್ಪಾಳೆ ಗಿಟ್ಟಿಸಿದ ಮಾತು ಉಳಿಯುತ್ತಿತ್ತು. ಹೀಗಾಗಿ ಕಂಪನಿಯ ನಾಟಕ ಎಂದೂ ‘ಬರೆದು ಮುಗಿದ’ ನಾಟಕವಾಗಿರಲಿಲ್ಲ. ಊರಿನಿಂದ ಊರಿಗೆ ಬೆಳೆಯುತ್ತಲೇ ಇತ್ತು. ಇದಕ್ಕೆ ಒಳ್ಳೆಯ ನಿದರ್ಶನ ‘ಸದಾರಮೆ’ಯ ಕಳ್ಳ. ವೀರಣ್ಣನವರಿಗೆ ಅಪಾರ ಹೆಸರು ತಂದ ಈ ಪಾತ್ರದ ಜೀವಾಳ ಸಮಯಸ್ಫೂರ್ತಿಯ ಮಾತು. ಕಥೆ ಗೊತ್ತಿದ್ದವರೂ ಮತ್ತೆ ಮತ್ತೆ ಬರುತ್ತಿದ್ದುದು ಕಳ್ಳ ಇವತ್ತು ಏನು ಹೇಳುತ್ತಾನೆ ಎಂಬ ಕುತೂಹಲದಿಂದ.

ಸೀಟಿಯ ಶಿಸ್ತು

ಸಮಯಸ್ಫೂರ್ತಿ ಎಂದರೆ ಮನಸ್ಸಿಗೆ ಬಂದಂತೆ ನಡೆಯುವುದೆಂದಲ್ಲ. ಅದರ ಹಿಂದೆ ಬಿಗಿಯಾದ ಕಟ್ಟು ಇರುತ್ತಿತ್ತು. ಕಂಪನಿ ನಾಟಕದ ರಚನೆಯೇ ಇದಕ್ಕೆ ಸಾಕ್ಷಿ. ಅರಮನೆ, ಕಾಡು, ದೇವಲೋಕ ಮುಂತಾದ ದೊಡ್ಡ ದೃಶ್ಯಗಳಿಗೆ ರಂಗದ ಪೂರ್ಣ ಆಳ ಬೇಕು. ಅವನ್ನು ಜೋಡಿಸಲು ಹೊತ್ತು ಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಸುಮ್ಮನೆ ಕೂರಿಸುವಂತಿಲ್ಲ. ಆದ್ದರಿಂದ ಎರಡು ದೊಡ್ಡ ದೃಶ್ಯಗಳ ನಡುವೆ, ಬೀದಿಯ ಚಿತ್ರವಿರುವ ಪರದೆಯೊಂದನ್ನು ಮುಂದೆ ಇಳಿಬಿಟ್ಟು, ಅದರ ಮುಂದೆ ಹಾಸ್ಯದ ದೃಶ್ಯ ಆಡಿಸುತ್ತಿದ್ದರು. ಪರದೆಯ ಮುಂದೆ ಹಾಸ್ಯಗಾರ ಜನರನ್ನು ನಗಿಸುತ್ತಿದ್ದರೆ, ಪರದೆಯ ಹಿಂದೆ ಬೆವರು ಸುರಿಸುತ್ತ ಸೀನರಿಯವರು ಕಂಬ ನಿಲ್ಲಿಸಿ, ಸಿಂಹಾಸನ ಎಳೆದು, ದೀಪ ಹೊಂದಿಸುತ್ತಿದ್ದರು.

ಇಲ್ಲಿ ಪರಸ್ಪರ ಅವಲಂಬನೆಯ ಸೊಗಸನ್ನು ನೋಡಿ. ಹಿಂದಿನ ಕೆಲಸ ತಡವಾದರೆ ಹಾಸ್ಯಗಾರ ಮಾತು ಬೆಳೆಸಬೇಕು. ಬೇಗ ಮುಗಿದರೆ ತನ್ನ ಹಾಸ್ಯ ಎಷ್ಟೇ ರಂಗೇರಿದ್ದರೂ ಮೊಟಕುಗೊಳಿಸಿ ಹೊರಡಬೇಕು. ಸೀಟಿ ಕೇಳಿದ ಕೂಡಲೇ ಪರದೆ ಏಳುತ್ತದೆ. ಹೆಸರಾಂತ ನಟನ ಮಾತಿನ ಉದ್ದವನ್ನು ಹೆಸರಿಲ್ಲದ ಪರದೆಯಾಳಿನ ಕೆಲಸ ನಿರ್ಧರಿಸುತ್ತಿತ್ತು. ಹಾರ್ಮೋನಿಯಂನವನ ಕಣ್ಣು ನಟನ ಮೇಲೆ, ತಬಲದವನ ಕಿವಿ ಹಾರ್ಮೋನಿಯಂ ಮೇಲೆ, ಪಕ್ಕದ ಮರೆಯಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರನ ಗಮನ ಎಲ್ಲರ ಮೇಲೆ. ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಈ ಸರಪಳಿ ಒಂದು ರಾತ್ರಿಯೂ ನಡೆಯುತ್ತಿರಲಿಲ್ಲ.

ಈ ಶಿಸ್ತು ಅತ್ಯಂತ ದೊಡ್ಡ ಪರೀಕ್ಷೆಗೆ ಒಳಗಾದದ್ದು 1934ರ ‘ಕುರುಕ್ಷೇತ್ರ’ ನಾಟಕದಲ್ಲಿ. ಬಿ. ಪುಟ್ಟಸ್ವಾಮಯ್ಯನವರು ಬರೆದ ಈ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಇಂದಿಗೂ ಇದನ್ನು ಬೆರಗಿನಿಂದಲೇ ನೆನೆಯಲಾಗುತ್ತದೆ. ಆದರೆ ಬೆರಗಿನ ಹಿಂದಿನ ಲೆಕ್ಕಾಚಾರವನ್ನೂ ಯೋಚಿಸಬೇಕು. ಆನೆ ಬರುವ ದಾರಿ, ಅದು ನಿಲ್ಲುವ ನೆಲ, ಅದರ ಮೇವು, ಮಾವುತ, ವಾದ್ಯದ ಸದ್ದು, ದೀಪದ ಬೆಳಕು, ಜನರ ಕೂಗು ಇಷ್ಟನ್ನೂ ಹೊಂದಿಸಬೇಕು. ನಟ ಮಾತು ಮರೆತರೆ ಪ್ರಾಂಪ್ಟರ್ ಇದ್ದಾನೆ. ಆನೆ ಬೆದರಿದರೆ ಯಾವ ಪ್ರಾಂಪ್ಟರನೂ ಇಲ್ಲ. ಹಿಂದಿನವರು ಮುಂದಿನವರನ್ನು, ಮುಂದಿನವರು ಹಿಂದಿನವರನ್ನು ಪೂರ್ಣವಾಗಿ ನಂಬಿದ್ದರಿಂದಲೇ ಅದು ಸಾಧ್ಯವಾಯಿತು.

ಒಂದೇ ಅಡುಗೆಮನೆ

ಆ ನಂಬಿಕೆ ಬೆಳೆದದ್ದು ಎಲ್ಲಿ? ‘ಕಂಪನಿ ಮನೆ’ಯಲ್ಲಿ. ಕ್ಯಾಂಪು ಹಾಕಿದ ಊರಿನಲ್ಲಿ ಬಾಡಿಗೆಗೆ ಹಿಡಿದ ದೊಡ್ಡ ಮನೆ ಅದು. ಊಟ, ನಿದ್ದೆ, ತಾಲೀಮು, ಜಗಳ, ರಾಜಿ ಎಲ್ಲವೂ ಅಲ್ಲೇ. ನಟರು, ವಾದ್ಯದವರು, ಸೀನರಿಯವರು, ಅಡುಗೆಯವರು, ಅವರ ಹೆಂಡತಿ ಮಕ್ಕಳು ಒಂದೇ ಸಂಸಾರದಂತೆ ಬದುಕುತ್ತಿದ್ದರು. ಹೊಸದಾಗಿ ಸೇರಿದ ಹುಡುಗ ನೀರು ಹೊತ್ತು, ಸಾಮಾನು ಎತ್ತಿ, ಬಾಲಗೋಪಾಲನ ಪಾತ್ರ ಮಾಡಿ, ಕೇಳಿ ಕೇಳಿಯೇ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿರುತ್ತಿದ್ದ. ಒಬ್ಬ ನಟನಿಗೆ ಜ್ವರ ಬಂದರೆ ಆ ಪಾತ್ರಕ್ಕೆ ಇನ್ನೊಬ್ಬ ಸಿದ್ಧನಾಗಿರುತ್ತಿದ್ದುದು ಹೀಗೆ.

ಗಂಡಸರೇ ಸೀರೆ ಉಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಕಂಪನಿಗಳಲ್ಲಿ ಗುಬ್ಬಿಯದು ಮುಂಚೂಣಿಯ ಹೆಸರು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಅಂಥ ಕಲಾವಿದೆಯರು ಇಲ್ಲಿ ಬೆಳಗಿದರು. ಮುಖ್ಯ ತಂಡದ ಜೊತೆಗೆ ಶಾಖೆಗಳು, ಮಕ್ಕಳದೇ ಒಂದು ತಂಡವೂ ಇದ್ದವು. ಮಕ್ಕಳ ತಂಡ ಒಂದರ್ಥದಲ್ಲಿ ಕಂಪನಿಯ ಶಾಲೆ.

ಈ ಶಾಲೆಯ ವಿದ್ಯಾರ್ಥಿಗಳ ಪಟ್ಟಿಯೇ ಕನ್ನಡದ ಒಂದು ಸಾಂಸ್ಕೃತಿಕ ಚರಿತ್ರೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ತಂದೆಯ ಕೈಹಿಡಿದು ಇಲ್ಲಿಗೆ ಬಂದವರು; ಮುಂದೆ ರಾಜ್‌ಕುಮಾರ್ ಆದರು. ತಿಪಟೂರಿನ ನರಸಿಂಹರಾಜು, ನಂಜನಗೂಡು ಸೀಮೆಯಿಂದ ಬಂದ ಜಿ.ವಿ. ಅಯ್ಯರ್ ಇಲ್ಲಿ ಪಳಗಿದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಈ ಮೂವರೂ ಒಟ್ಟಿಗೆ ಕಾಣಿಸಿಕೊಂಡರು. ಆ ಚಿತ್ರದ ನಿರ್ಮಾಣದಲ್ಲೂ ಗುಬ್ಬಿಯ ಹೆಸರು ಇತ್ತು. ದಕ್ಷಿಣ ಕನ್ನಡದಿಂದ ಮನೆಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರಿಗೆ ಕಂಪನಿ ಆಶ್ರಯ ನೀಡಿತಷ್ಟೇ ಅಲ್ಲ, ವೀರಣ್ಣ ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೂ ಕಳಿಸಿದರು. ಆ ಹುಡುಗ 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ತನ್ನ ಆಳು ತನ್ನನ್ನೂ ಮೀರಿ ಬೆಳೆಯಲಿ ಎಂದು ಖರ್ಚು ಮಾಡಿದ ಮಾಲೀಕರು ಯಾವ ಕಾಲದಲ್ಲೂ ವಿರಳ.

ಒಂದೇ ಕಂಬದ ಮನೆ

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. ಕಂಪನಿ ಸಂಸಾರದಂತಿತ್ತು ನಿಜ. ಸಂಸಾರದ ಕಷ್ಟಗಳೂ ಅಲ್ಲಿದ್ದವು. ಯಜಮಾನನ ಮಾತೇ ಕೊನೆಯ ಮಾತು. ಲಾಭವಾದರೂ ನಷ್ಟವಾದರೂ ಅದು ಅವನದು. ಮಳೆ ಹಿಡಿದರೆ ಥಿಯೇಟರು ಖಾಲಿ, ಊರಿನಲ್ಲಿ ಪ್ಲೇಗೋ ಕಾಲರಾವೋ ಕಾಣಿಸಿದರೆ ಕ್ಯಾಂಪೇ ಖಾಲಿ. ಅಂಥ ದಿನಗಳಲ್ಲಿ ನಾಟಕದವರ ಸಂಬಳ ತಡವಾಗುವುದು ಯಾವ ಕಂಪನಿಗೂ ಹೊಸದಾಗಿರಲಿಲ್ಲ. ನಿವೃತ್ತಿ ವೇತನ, ಕಾಯಿಲೆಗೆ ರಜೆ ಎಂಬ ಮಾತುಗಳನ್ನು ಆ ಲೋಕ ಕೇಳಿರಲಿಲ್ಲ. ಕಂಠ ಇರುವವರೆಗೆ ಪಾತ್ರ; ಕಂಠ ಹೋದ ಮೇಲೆ ಯಜಮಾನನ ದಯೆ. ಇಂದಿನ ಅಜೈಲ್ ಪದ್ಧತಿ ತಂಡವೇ ತನ್ನ ಕೆಲಸವನ್ನು ಹಂಚಿಕೊಳ್ಳಲಿ ಎನ್ನುತ್ತದೆ. ಕಂಪನಿಯಲ್ಲಿ ಕೆಲಸದ ಕೊಂಡಿಗಳು ಗಟ್ಟಿಯಾಗಿದ್ದವು, ಅಧಿಕಾರ ಮಾತ್ರ ಹಂಚಿಹೋಗಿರಲಿಲ್ಲ.

ಕಾಲ ಬದಲಾಗುತ್ತಿದೆ ಎಂಬುದನ್ನು ವೀರಣ್ಣ ಎಲ್ಲರಿಗಿಂತ ಮೊದಲೇ ಕಂಡಿದ್ದರು. ಮೂಕಿ ಚಿತ್ರಗಳ ಕಾಲದಲ್ಲೇ ಚಿತ್ರ ತಯಾರಿಕೆಗೆ ಕೈಹಾಕಿದರು. 1935ರಲ್ಲಿ ‘ಸದಾರಮೆ’ ವಾಕ್ಚಿತ್ರವಾಯಿತು. ‘ಸುಭದ್ರಾ’, ‘ಜೀವನ ನಾಟಕ’, ‘ಹೇಮರೆಡ್ಡಿ ಮಲ್ಲಮ್ಮ’ ಮುಂದೆ ಬಂದವು. ತನ್ನ ನಾಟಕವನ್ನು ನುಂಗಲು ಬಂದ ಮಾಧ್ಯಮವನ್ನೇ ಅವರು ಅಪ್ಪಿಕೊಂಡರು. ಆದರೆ ಸಿನಿಮಾ ಕಂಪನಿಯ ಪ್ರೇಕ್ಷಕರನ್ನು ಸೆಳೆದುಕೊಂಡದ್ದಲ್ಲದೆ ಕಲಾವಿದರನ್ನೂ ಸೆಳೆದುಕೊಂಡಿತು. ಒಟ್ಟಿಗೆ ಉಂಡು, ಒಟ್ಟಿಗೆ ಹಾಡಿ ಕಟ್ಟಿದ ತಂಡ ಒಬ್ಬೊಬ್ಬರಾಗಿ ಕರಗಿತು. ಒಂದೇ ಕಂಬದ ಮೇಲೆ ನಿಂತ ಮನೆಗೆ ಆ ಕಂಬ ಹಳೆಯದಾದಂತೆ ಅಪಾಯ ತಪ್ಪಿದ್ದಲ್ಲ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಪಡೆದ ವೀರಣ್ಣ ಅದೇ 1972ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಮೊಮ್ಮಗಳು ಬಿ. ಜಯಶ್ರೀ ಆ ಪರಂಪರೆಯ ಹಾಡುಗಳನ್ನು ಹೊಸ ರಂಗಭೂಮಿಗೆ ತಂದರು.

ಉಳಿದದ್ದು ಎಲ್ಲಿ?

ಗುಬ್ಬಿ ತಾಲ್ಲೂಕಿನಲ್ಲಿ ಈಗ ಇನ್ನೊಂದು ಬಗೆಯ ಕಂಪನಿ ಬಂದಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ಎಚ್‌ಎಂಟಿ ಇತಿಹಾಸಕ್ಕೆ ಸೇರಿದೆ. ಆ ಕೈಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿದ್ದು 2016ರಲ್ಲಿ. ಗಡಿಯಾರವಾಗಲಿ ಹೆಲಿಕಾಪ್ಟರಾಗಲಿ, ಒಬ್ಬನ ಕೈಕೆಲಸ ಇನ್ನೊಬ್ಬನ ಕೈಗೆ ಸರಿಯಾಗಿ ಸೇರದಿದ್ದರೆ ನಡೆಯುವುದಿಲ್ಲ. ಪರದೆಯ ಹಿಂದಿನ ಆ ಪಾಠ ಹಳತಾಗಿಲ್ಲ.

ನಾಟಕದ ಆ ಕಟ್ಟು ಸಂಪೂರ್ಣ ಮಾಯವಾಯಿತೆಂದೂ ಹೇಳುವಂತಿಲ್ಲ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ‘ಕುರುಕ್ಷೇತ್ರ’ ನಾಟಕದ ಭಿತ್ತಿಪತ್ರ ಇಂದಿಗೂ ಅಪರೂಪವಲ್ಲ. ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಪೌರಾಣಿಕ ನಾಟಕ ಕಲಿಯುವ ರೂಢಿ ಉಳಿದಿದೆ. ಇಲ್ಲಿ ಯಜಮಾನನಿಲ್ಲ, ಸಂಬಳವಿಲ್ಲ. ಪಾತ್ರಧಾರಿಗಳೇ ತಮ್ಮ ಪಾತ್ರಕ್ಕೆ ತಕ್ಕಂತೆ ಹಣ ಹಾಕುತ್ತಾರೆ. ದುರ್ಯೋಧನನಿಗೆ ಹೆಚ್ಚು, ಸೇವಕನಿಗೆ ಕಡಿಮೆ. ಆ ಹಣದಲ್ಲಿ ಸೀನರಿ ಬಾಡಿಗೆಗೆ ಬರುತ್ತದೆ, ಸ್ತ್ರೀಪಾತ್ರಕ್ಕೆ ಹೊರಗಿನ ಕಲಾವಿದೆಯರು ಬರುತ್ತಾರೆ. ಕಲಿಸಲು ಹಾರ್ಮೋನಿಯಂ ಮೇಷ್ಟ್ರು. ಕಂಪನಿಯ ಒಂಟಿ ಕಂಬದ ಭಾರವನ್ನು ಇಲ್ಲಿ ಊರೇ ಹಂಚಿಕೊಂಡಿದೆ.

ಸಂಜೆ ಏಳಾಗುತ್ತಿದ್ದಂತೆ ಒಬ್ಬೊಬ್ಬರಾಗಿ ಬರುತ್ತಾರೆ. ತೋಟಕ್ಕೆ ನೀರು ಬಿಟ್ಟು ಬಂದ ಕೃಷ್ಣ, ಆಟೋ ನಿಲ್ಲಿಸಿ ಬಂದ ಅರ್ಜುನ, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕರ್ಣ. ನಿನ್ನೆ ಯಾರು ಎಲ್ಲಿ ತಪ್ಪಿದರು ಎಂಬುದು ಮೇಷ್ಟ್ರಿಗೆ ನೆನಪಿರುತ್ತದೆ. ಅವರು ಶ್ರುತಿ ಹಿಡಿಯುತ್ತಾರೆ. ಬರಬೇಕಾದವನು ಇನ್ನೂ ಒಬ್ಬ ಬಂದಿಲ್ಲದಿದ್ದರೆ ಅವನ ಮಾತನ್ನು ಪಕ್ಕದವನೇ ಹೇಳಿ ಮುಂದೆ ಸಾಗಿಸುತ್ತಾನೆ.